ಹಲಗೆಯವನ ಊಟ

ರಾಯಚೂರಿನ ರಂಗಮಂದಿರದ ಹಿಂದೆ ಮೌನಪ್ಪ ಹುಲ್ಲಿನ ಬೆಂಕಿಗೆ ಹಲಗೆ ಕಾಯಿಸುತ್ತಿದ್ದ. ಚರ್ಮ ಬಿಗಿಯಾದರೇ ನಾದ ಹೊರಡುವುದು. ಅರಕೇರಾದ ಡೊಳ್ಳಿನ ಮೇಳಕ್ಕೆ ಮೂವತ್ತು ವರ್ಷಗಳಿಂದ ಅವನದೇ ಹಲಗೆ. ಆದರೆ ಮೇಳದವರ ಜೊತೆ ಉಣ್ಣಲು ಅವನು ಒಮ್ಮೆಯೂ ಕೂತಿರಲಿಲ್ಲ. ಅವನ ಬುತ್ತಿ ಯಾವಾಗಲೂ ಹೊರಗೆ.

ಅಂದು ವಿಯೆಟ್ನಾಂನಿಂದ ತಾಳವಾದ್ಯದ ತಂಡವೊಂದು ಬಂದಿತ್ತು. ಎರಡು ದೇಶಗಳ ಜನರ ನಡುವೆ ಸ್ನೇಹ ಬೆಳೆಸುವ ಕಾರ್ಯಕ್ರಮ. ಮೌನಪ್ಪನ ಮಗಳು ಕಲ್ಯಾಣಿ ಮಾನ್ವಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಅತಿಥಿಗಳ ಮಾತು ತಿಳಿಸಿಕೊಡಲು ಮೇಳದ ಹಿರಿಯ ಗುರುಸಿದ್ದ ಅವಳನ್ನೇ ಕರೆಸಿದ್ದ. ಮಾತಿಗೆ ಮಗಳು ಬೇಕಾಗಿದ್ದಳು, ಊಟಕ್ಕೆ ಅಪ್ಪ ಬೇಡವಾಗಿದ್ದ.

ಎರಡೂ ತಂಡಗಳು ಕೂಡಿ ನುಡಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಊಟಕ್ಕೆ ಕೂತಾಗ ವಿಯೆಟ್ನಾಂ ತಂಡದ ಹಿರಿಯಾಕೆ ಸುತ್ತ ನೋಡಿ ಕಲ್ಯಾಣಿಯನ್ನು ಏನೋ ಕೇಳಿದರು. ಹಲಗೆಯವರು ಎಲ್ಲಿ, ಅವರ ವಿಡಿಯೊ ನೋಡಿಯೇ ಒಂದು ತಿಂಗಳು ಈ ಪೆಟ್ಟು ಕಲಿತೆವು, ಅವರು ಬಂದ ಮೇಲೆಯೇ ಊಟ ಎನ್ನುತ್ತಿದ್ದಾರೆ ಎಂದು ಕಲ್ಯಾಣಿ ಗುರುಸಿದ್ದನಿಗೆ ತಿಳಿಸಿದಳು.

ಗುರುಸಿದ್ದನ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. ಮೌನಪ್ಪನಿಗೆ ಹಸಿವಿಲ್ಲ ಎಂದು ಹೇಳಿಬಿಡು ಎಂದ.

"ಅಪ್ಪ ಹೊರಗ ಉಣ್ಣಾಕತ್ತಾನ್ರಿ ಕಾಕಾ," ಎಂದಳು ಕಲ್ಯಾಣಿ. "ಆ ಸುಳ್ಳು ನನ್ನ ಬಾಯಿಂದ್ಲೇ ಹೇಳಿಸ್ತೀರೇನು?"

ದೇಶದ ಮರ್ಯಾದೆಯ ಬಗ್ಗೆ ಬೆಳಿಗ್ಗೆ ಮೈಕಿನ ಮುಂದೆ ಉದ್ದುದ್ದ ಮಾತಾಡಿದ್ದ ಗುರುಸಿದ್ದನಿಗೆ ಈಗ ನಾಚಿಕೆಯಾಯಿತು. ಎದ್ದು ಹೊರಗೆ ಹೋದ.

ಬೇವಿನ ಗಿಡದ ಕೆಳಗೆ ಮೌನಪ್ಪ ಬುತ್ತಿ ಬಿಚ್ಚಿದ್ದ. ಒಳಗೆ ಬಾ ಎಂದರೂ ಅವನು ಏಳಲಿಲ್ಲ.

"ಇವತ್ತು ಬಂದೋರು ನಾಳಿ ಹೋಗ್ತಾರ, ಗುರುಸಿದ್ದಣ್ಣ. ಅವ್ರ ಮುಂದ ಒಳಗ ಕರದು, ಊರಿಗೆ ಹೋದಮ್ಯಾಲ ಮತ್ತ ಹೊರಗ ಕುಂದರಸೋದಾದ್ರ ನಾ ಇಲ್ಲೇ ಉಣ್ತೀನಿ."

"ಸೋಮವಾರ ನಮ್ಮನಿಗೆ ಊಟಕ್ಕ ಬಾ," ಎಂದ ಗುರುಸಿದ್ದ. "ನಡುಮನ್ಯಾಗ ಕುಂತು ಉಣ್ಣೂಣು."

ಮೌನಪ್ಪ ಅವನ ಮುಖವನ್ನೇ ನೋಡಿದ. ಆಮೇಲೆ ಬುತ್ತಿ ಕಟ್ಟಿಕೊಂಡು ಎದ್ದ. ಅಂದು ಅತಿಥಿಗಳ ಸಾಲಿನಲ್ಲಿ ಅವನೂ ಉಂಡ.

ಸೋಮವಾರ ಅರಕೇರಾದ ಆ ಮನೆಯ ಹೊಸ್ತಿಲಲ್ಲಿ ಮೌನಪ್ಪನ ಕಾಲುಗಳು ತಾವಾಗಿಯೇ ನಿಂತುಬಿಟ್ಟವು. ಎದುರಿನ ಕಟ್ಟೆಯ ಮೇಲೆ ನಾಲ್ಕಾರು ಜನ ಕೂತು ನೋಡುತ್ತಿದ್ದರು. ಗುರುಸಿದ್ದ ಹೊರಬಂದು, ಅವರೆಲ್ಲರ ಕಣ್ಣೆದುರೇ ಅವನ ಕೈ ಹಿಡಿದು ನಡುಮನೆಗೆ ಕರೆದೊಯ್ದ. ಹೆಂಡತಿ ಬಾಲಮ್ಮ ಇಬ್ಬರಿಗೂ ಒಂದೇ ಸಾಲಿನಲ್ಲಿ ತಾಟು ಇಟ್ಟಿದ್ದಳು. ಹೊರಗಿನವರತ್ತ ಕಣ್ಣು ಹಾಯಿಸಿ, ಬಾಗಿಲು ಹಾಕಲೇ ಎಂದು ಮೆಲ್ಲಗೆ ಕೇಳಿದಳು.

"ಬ್ಯಾಡ, ತೆರದೇ ಇರ್ಲಿ," ಎಂದು ಗುರುಸಿದ್ದ ಮೌನಪ್ಪನ ತಾಟಿಗೆ ರೊಟ್ಟಿ ಹಾಕಿದ.