ಫಿಯೆಟ್ಟಿನ ಸೂರಿಗೆ ಹೊಸ ಬಟ್ಟೆ

ಗಮ್ಮಿನ ವಾಸನೆ ಮೂಗಿಂದ ನೆತ್ತಿಗೇ ಏರಿತಲ್ಲ, ಕಿಟಕಿ ಇಳಿಸಬೇಕಿತ್ತು, ಇಳಿಸೋಕೆ ಕೈ ಎಲ್ಲಿದೆ, ಎರಡೂ ಕೈ ಮೇಲೆ, ಬಾಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪು, ಫಿಯೆಟ್ಟಿನ ಹಿಂದಿನ ಸೀಟಿನಲ್ಲಿ ಅಂಗಾತ ಬಿದ್ದ ಆಶಾರಾಣಿಯ ಮುಖದ ಮೇಲೇ ಕೆನೆಬಣ್ಣದ ಹೊಸ ಬಟ್ಟೆ ಜೋತುಬಿದ್ದಿದೆ — ಬೀಳಲಿ ಬಿಡು, ಒಂದು ಗಳಿಗೆ ಹೀಗೇ ಇರೋಣ, ಕಾಫಿ ಕಣದ ಬಿಸಿಲು ಕಿಟಕಿಯಿಂದ ಬಂದು ಬಟ್ಟೆಯಲ್ಲಿ ಸೋಸಿ ಇಳೀತಿದೆ, ಕಂಬಳಿ ಮುಸುಕು ಹಾಕಿಕೊಂಡ ಹಾಗೆ ಬೆಚ್ಚಗೆ, ಮೇಲಿನ ಬರಿ ತಗಡಿಂದ ಈಗಲೂ ಏಲಕ್ಕಿ ವಾಸನೆ, ಅಯ್ಯೋ, ಎಷ್ಟು ವರ್ಷದ ಏಲಕ್ಕಿ, ಅಪ್ಪಾಜಿ ಹಿಂದೆ ಮೂಟೆ ತುಂಬಿಕೊಂಡು ಸೋಮವಾರಪೇಟೆ ಸಂತೆಗೆ ಹೊರಟರೆ ಮುಂದೆ ಪಕ್ಕದಲ್ಲಿ ಇವಳು, ಎರಡು ಜಡೆ, ಮಡಿಲಲ್ಲಿ ಖಾರದ ಪೊಟ್ಟಣ, ಮಾತಾಡೇ ಪಾಪು, ನೀನು ಸುಮ್ಮನಾದರೆ ನಂಗೆ ನಿದ್ದೆ ಎಳೆಯುತ್ತೆ ಅಂತಿದ್ದರು, ಇವಳು ದಾರಿಯುದ್ದ ವಟವಟ ವಟವಟ, ಆ ಅಪ್ಪಾಜಿಯೇ, ಆ ನಂಜಪ್ಪನವರೇ, ಈವತ್ತು ಬೆಳಗ್ಗೆ ಜಗಲಿಯಲ್ಲಿ ಕಾಫಿ ಲೋಟ ಇಸ್ಕೊಂಡು ಕೇಳಿದ್ದು, ಏನಮ್ಮಾ, ನೀವು ಆಸ್ಪತ್ರೆಯವರಾ, ಮನೇಲಿ ನಿಮಗೆ ಯಾರೂ ಕಾಯಲ್ವಾ.

ಜಗಲಿಯಿಂದ ಅವ್ವನ ದನಿ, ಮಹಾದೇವಮ್ಮನ ದನಿ ಅಂದರೆ ಕೇಳಬೇಕೆ, ತೋಟದ ತುದಿಗೂ ಮುಟ್ಟುತ್ತೆ, ಆಶಾ, ಮನೆ ಹಂಚು ಒಡೆದು ಎಷ್ಟು ದಿನವಾಯ್ತು, ಅದನ್ನು ಬಿಟ್ಟು ಬ್ಯಾಟರಿಯೇ ಇಲ್ಲದ ಕಾರಿಗೆ ಸೂರು ಹೊದಿಸ್ತೀಯಲ್ಲೇ ಮಹಾರಾಯ್ತಿ. ಹೊದಿಸ್ತೀನಿ, ಏನೀಗ. ಬ್ಯಾಟರಿ ಕಿತ್ತಿಟ್ಟವಳೂ ಇವಳೇ, ಅಪ್ಪಾಜಿ ಕಾರು ತಗೊಂಡು ಗೇಟು ದಾಟಿಬಿಟ್ಟಾರು ಅಂತ, ಆದರೂ ಮಧ್ಯಾಹ್ನ ಅವರು ನಿಂತ ಕಾರಿಗೇ ಹತ್ತಿ ಕೂತರೆ ಸಾಕು, ಸ್ಟೇರಿಂಗ್ ಮೇಲೆ ಕೈ ಬಿದ್ದರೆ ಸಾಕು, ಪಕ್ಕದಲ್ಲಿ ಕೂತ ಇವಳತ್ತ ತಿರುಗಿ, ಪಾಪು, ಹೊರಡೋಣವಾ — ಮನೆಯೊಳಗೆ ಯಾರೋ ಆಗಿದ್ದವಳು ಅಷ್ಟು ಹೊತ್ತು ಮಗಳು, ತಲೆಯಲ್ಲಿ ನರೆ ಬಂದ ಹೆಂಗಸು ಅಷ್ಟಕ್ಕಾಗಿ ಊಟ ಬಿಟ್ಟು ಕಾಯೋಳು, ಹಾಳಾದ್ದು ಹಳೇ ಬಟ್ಟೆ, ಹೊಲಿಗೆ ಬಿಟ್ಟು ಒಂದಿನ ಅವರ ತಲೆ ಮೇಲೇ ಕುಸಿಯಿತಲ್ಲ, ಮಂಜು ಒಳಗೆ ಬಂತು, ದಾರಿ ಕಾಣ್ತಿಲ್ಲ, ಇಳೀರಿ ಎಲ್ಲರೂ, ಅಂತ ಕೂಗಿಕೊಂಡು ಇಳಿದವರು ಮತ್ತೆ ಹತ್ತಲಿಲ್ಲ, ಅವರು ಹತ್ತದೆ ಇವಳು ಮತ್ತೆ ಮಗಳಾಗಲಿಲ್ಲ. ಅದಕ್ಕೇ ಈ ಪಾಡು. ಕುಶನ್ ಅಂಗಡಿ ಉತ್ತಯ್ಯ ಫೋನಲ್ಲಿ ಹೇಳಿದ್ದ, ಮೇಡಂ, ಬಟ್ಟೆ ಹೊತ್ತು ನಿಲ್ಲೋ ಕಮಾನು ಕಂಬಿಗಳಿವೆಯಲ್ಲ, ಒಂದೊಂದರ ಬಾಗೂ ಬೇರೆ, ಗುರುತು ಹಾಕದೆ ಬಿಚ್ಚಬೇಡಿ — ಹಾಕಿದಳು, ಕೈಗೆ ಸಿಕ್ಕಿದ್ದು ದೇವರ ಗೂಡಿನ ವಿಭೂತಿ, ಮುಂದಿನದಕ್ಕೆ ಒಂದು ಗೆರೆ, ಅದರ ಹಿಂದಿನದಕ್ಕೆ ಎರಡು, ಅಂಗಳದಲ್ಲೇ ಬಿಟ್ಟಿದ್ದಕ್ಕೆ ಬೆಳಗಾಗುವಷ್ಟರಲ್ಲಿ ಇಬ್ಬನಿಗೆ ಗೆರೆಯೆಲ್ಲ ಅಳಿಸಿ ಅಷ್ಟೂ ಕಂಬಿ ಬೋಳು ಹಣೆ, ಅವ್ವ ಹೊಟ್ಟೆ ಹಿಡ್ಕೊಂಡು ನಕ್ಕಳು, ಹಣೆಗೆ ಇಡೋದನ್ನ ಕಬ್ಬಿಣಕ್ಕೆ ಇಟ್ಟರೆ ನಿಲ್ಲುತ್ತೇನೇ, ಆಮೇಲೆ ಸೆರಗು ಸಿಕ್ಕಿಸಿಕೊಂಡು ತಾನೇ ಬಂದು ಒಂದೊಂದೇ ಕಂಬಿ ಎತ್ತಿ ಕೊಟ್ಟಳು, ಇದಲ್ಲ, ಇದೂ ಅಲ್ಲ, ಹಾಂ, ಇದು ಕೂತಿತು.

ಈಗ ಕೊನೆಯ ಅಂಚು, ಎಳಿ, ಇನ್ನೂ ಎಳಿ, ಹೆಬ್ಬೆರಳಿಂದ ಒತ್ತು, ಕ್ಲಿಪ್ಪು ಹಾಕು, ರಬ್ಬರಿನ ಸಂದಿಗೆ ಚಮಚದ ಹಿಡಿಯಿಂದ ತುರುಕು, ಬಿಸಿಲೇರಿದ ಹಾಗೆ ಸುಕ್ಕು ತಾನಾಗೇ ಬಿಡ್ತಿದೆ, ಆಹಾ, ಎಷ್ಟು ಚೆಂದ, ನೋಡ್ತಾ ನೋಡ್ತಾ ಕಣ್ಣು ಮುಚ್ಚಿಹೋಯಿತೋ ಏನೋ, ಚಪ್ಪಲಿಯ ಸರಬರ, ಅವ್ವನ ಕೈ ಹಿಡಿದು ಅಪ್ಪಾಜಿ ಬಂದಿದ್ದಾರೆ, ಬಾಗಿಲಲ್ಲಿ ಬಗ್ಗಿ ಒಳಗೆ ನೋಡ್ತಿದ್ದಾರೆ, ಮಂಜಿಲ್ಲ ತಾನೆ, ಇಲ್ಲ ಅಪ್ಪಾಜಿ, ಚೊಕ್ಕಟವಾಗಿದೆ, ಹತ್ತಿ. ಹತ್ತಿದರು! ಹತ್ತಿಯೇಬಿಟ್ಟರು, ಇವಳು ಆ ಕಡೆಯಿಂದ ಓಡಿಬಂದು ಪಕ್ಕದಲ್ಲಿ ಕೂತಳು, ಪಾಪು ಅನ್ನಿ ಅಪ್ಪಾಜಿ, ಒಂದೇ ಒಂದು ಸಲ, ಅವರು ಮೇಲೆ ಕೈಯಾಡಿಸಿ ಬಟ್ಟೆ ಸವರಿದರು, ಸ್ಟೇರಿಂಗ್ ಹಿಡಿದರು, ತಿರುಗಿದರು — ಎಲ್ಲಿಗೆ ಹೋಗಬೇಕು ತಾಯಿ, ಸಂತೆಗಾ, ಬಿಡ್ತೀನಿ, ಆದ್ರೆ ಹಿಂದೆ ಕೂತ್ಕೊಳ್ಳಿ, ತಪ್ಪು ತಿಳೀಬೇಡಿ, ಇದು ನಮ್ಮ ಪಾಪು ಸೀಟು, ಈಗ ಬಂದುಬಿಡ್ತಾಳೆ.

ಇಳಿದು ಹಿಂದೆ ಕೂತಳು, ಇನ್ನೇನು ಮಾಡ್ತಾಳೆ, ಅವ್ವ ಆ ಕಡೆ ಮುಖ ತಿರುಗಿಸಿ ನಿಂತಿದ್ದಾಳೆ, ತಡ ಮಾಡಿಬಿಟ್ಟೆನಾ, ಬಟ್ಟೆ ಬಿದ್ದ ದಿನವೇ ರಿಪೇರಿಗೆ ಕೂರಬೇಕಿತ್ತಾ, ಆ ಎರಡು ಜಡೆಯವಳ ಮೇಲೆ ಹೊಟ್ಟೆಕಿಚ್ಚು, ಹೌದು, ಹೊಟ್ಟೆಕಿಚ್ಚೇ, ತನ್ನ ಮೇಲೆ ತನಗೇ, ಅಪ್ಪಾಜಿ ಗೇರು ಹಾಕಿದರು, ಓಡದ ಕಾರು ಓಡ್ತಿದೆ, ಸಿಲ್ವರ್ ಮರಗಳು ಹಿಂದೆ ಸರೀತಿವೆ, ತುಟಿಯಲ್ಲೇ ಹಾರನ್ನು, ಅರೆ ದನ, ದನ — ಅವರ ಬಲಗಾಲು ಬ್ರೇಕು ಒತ್ತಿದ್ದೇ ತಡ ಎಡಗೈ ಚಾಚಿ ಖಾಲಿ ಸೀಟಿನ ಮುಂದೆ ಅಡ್ಡ ನಿಂತಿತು, ಅಂಗೈ ಅಗಲಿಸಿ, ಮಗುವಿನ ಎದೆಯಷ್ಟು ಎತ್ತರಕ್ಕೆ, ಮುಗ್ಗರಿಸದ ಹಾಗೆ, ಪೆಟ್ಟಾಯ್ತಾ ಪಾಪು, ಇಲ್ಲ ಅಪ್ಪಾಜಿ ಅಂದಳು ಹಿಂದಿನಿಂದ, ಗಟ್ಟಿ ಹಿಡ್ಕೋ ಮಗಳೇ ಅಂದರು ದಾರಿ ನೋಡುತ್ತಲೇ, ಹಿಂದೆ ತಿರುಗಲಿಲ್ಲ, ತಿರುಗಬೇಡಿ ಅಪ್ಪಾಜಿ, ಹೀಗೇ ಹೋಗೋಣ, ಮತ್ತೆ ಬ್ರೇಕು, ಮತ್ತೆ ಆ ಕೈ, ಖಾಲಿ ಸೀಟಿಗೆ ಅಡ್ಡ, ಏನನ್ನೂ ಬೀಳಗೊಡದೆ, ಆ ಕೈ, ಆ ಕೈ —