ನೀಲಿ ಬಿಲ್ಲೆ

ಕಿಟಕಿಯ ಗಾಜಿಗೆ ಒಳಗಡೆಯಿಂದಲೇ ಹಿಮ ಕಟ್ಟುತ್ತಿದೆ, ಎಲೆ ಎಲೆಯಾಗಿ, ಊರಿನ ಮನೆಗಳನ್ನೆಲ್ಲ ಬೆಚ್ಚಗಿಡುವ ಕಂಪನಿಯ ಕಚೇರಿಗೇ ಈ ಗತಿ, ಅವಳು ಶಾಲಿನೊಳಗಿಂದ ಕೈ ತೆಗೆದು ಫೋನ್ ಎತ್ತುತ್ತಾಳೆ, ಹೇಳಿ, ಹೀಟರ್ ನಿಂತಿದೆಯಾ, ಮನೇಲಿ ಚಿಕ್ಕಮಕ್ಕಳು, ವಯಸ್ಸಾದವರು ಯಾರಾದ್ರೂ ಇದ್ದಾರಾ — ಇದ್ದರೆ ಎದುರಿನ ಕಬ್ಬಿಣದ ಹಲಗೆಯ ಮೇಲೆ ಆ ಮನೆಗೆ ಕೆಂಪು ಬಿಲ್ಲೆ, ರಿಪೇರಿಯವರು ಮೊದಲು ಅಲ್ಲಿಗೆ, ಇಲ್ಲದಿದ್ದರೆ ನೀಲಿ, ನಾಳೆಯೋ ನಾಡಿದ್ದೋ. ಬೆಳಗಿನಿಂದ ಇದೇ ಗಿಳಿಪಾಠ, ಎಲ್ಲರನ್ನೂ ಕೇಳಿದ್ದಾಳೆ, ಒಬ್ಬಳನ್ನು ಬಿಟ್ಟು. ಅಕ್ಕನನ್ನೇನು ಕೇಳುವುದು, ಅಲ್ಲಿರುವುದು ಅಕ್ಕ, ಅವಳ ಗಂಡ, ಇಬ್ಬರೂ ಗುಂಡುಕಲ್ಲಿನ ಹಾಗಿದ್ದಾರೆ — ಆಗಲೇ ಅಕ್ಕನ ಫೋನು, ನಾನು ಕಣೇ, ಮನೆಯೆಲ್ಲಾ ತಣ್ಣಗಾಗ್ಬಿಟ್ಟಿದೆ, ಬೇಗ ಯಾರನ್ನಾದ್ರೂ ಕಳ್ಸು, ಇಲ್ಲಿ ಕೇಳು, ಮನೇಲಿ — ನಿಮ್ಮನೇಲಿ ಯಾರ್ಯಾರಿದ್ದಾರೆ ಅಂತ ನಂಗೆ ಗೊತ್ತಿಲ್ವಾ, ಸರದಿ ಬಂದಾಗ ಬರ್ತಾರೆ, ಎಂದು ಫೋನ್ ಇಟ್ಟೇಬಿಟ್ಟಳು, ನೀಲಿ ಬಿಲ್ಲೆ ಟಕ್ಕೆಂದು ಹಲಗೆಗೆ ಕಚ್ಚಿಕೊಂಡಿತು, ಆಹಾ, ಹೊಟ್ಟೆ ತಣ್ಣಗಾಯಿತು. ಅಕ್ಕನ ಮಾತಿನ ಹಿಂದೆ ಬೆಕ್ಕೊಂದು ಮಿಯಾಂವ್ ಅನ್ನುತ್ತಿತ್ತು, ಅದಕ್ಕೂ ಚಳಿ, ಇರಲಿ.

ಗೋಡೆಯ ಟೀವಿಯಲ್ಲಿ ಕನ್ನಡಕದ ವಿಜ್ಞಾನಿ ಕೈಯನ್ನು ಗರಗರ ತಿರುಗಿಸುತ್ತಿದ್ದಾನೆ, ಉತ್ತರ ಧ್ರುವದ ಮೇಲೆ, ಬಲು ಎತ್ತರದಲ್ಲಿ, ಚಳಿಗಾಲವಿಡೀ ಗಾಳಿಯ ಸುಳಿಯೊಂದು ಸುತ್ತುತ್ತದಂತೆ, ಕಡುಚಳಿಯನ್ನು ಅಲ್ಲೇ ಕಟ್ಟಿ ಇಡುತ್ತದಂತೆ, ಈಗ ಧ್ರುವವೇ ಬಿಸಿಯೇರಿ, ಹಿಮ ಕರಗಿ, ಸುಳಿ ಸೊಟ್ಟಗಾಗಿ ಚಳಿ ಕೆಳಕ್ಕೆ ಜಾರುತ್ತಿರಬಹುದು, ಇನ್ನೂ ವಾದವಿದೆ, ಅನ್ನುತ್ತಾನೆ — ವಾದ ಹಾಗಿರ್ಲಿ ಬಿಡಮ್ಮಾ, ಧ್ರುವದ ಲಾಡಿ ಸಡ್ಲ ಆಗಿದೆ, ಚಡ್ಡಿ ಬಂದು ನಮ್ ತಲೆ ಮೇಲೆ ಬಿದ್ದಿದೆ, ಎಂದಿದ್ದ ಬೆಳಿಗ್ಗೆ ಇದನ್ನೇ ಕೇಳಿದ ಮುದಿ ರಿಪೇರಿಯವನು, ಚೀಲ ಹೆಗಲಿಗೇರಿಸುತ್ತಾ, ಅವಳೂ ನಕ್ಕಿದ್ದಳು. ಅಲ್ಲಿ ಬಿಸಿಯಾದರೆ ಇಲ್ಲಿ ಚಳಿ, ಎಂಥ ನ್ಯಾಯವೋ. ಹೋದ ಕೆಲವು ವರ್ಷ ಸ್ವೆಟರೇ ಬೇಡವಾಗಿತ್ತು, ಚಳಿಗಾಲ ಇನ್ನೆಲ್ಲಿ, ಫೋಟೋದಲ್ಲಿ ನೋಡ್ಬೇಕಷ್ಟೆ, ಎಂದು ಅಕ್ಕ ಸೌದೆ ಒಲೆ ಕೀಳಿಸಿ, ಹೊಗೆಕೊಳವೆ ಮುಚ್ಚಿಸಿ, ಆ ಜಾಗದಲ್ಲಿ ಮೀನಿನ ತೊಟ್ಟಿ ಇಟ್ಟಳು, ಈಗ ಮೀನನ್ನೇ ಅಪ್ಪಿಕೊಂಡು ಬೆಚ್ಚಗಿರಲಿ. ಎಲ್ಲದಕ್ಕೂ ಮೂಗು ತೂರಿಸುವವಳು, ಇವಳ ಮಗಳ ವಿಷಯಕ್ಕೂ — ಬಸುರಿಯಾಗಿ ಬಂದು ನಿಂತು, ಯಾರದು ಅಂದರೆ ಬಾಯಿ ಬಿಡದ ಮಗಳು, ದೊಡ್ಡಮ್ಮನ ಮುದ್ದಿನ ಗಿಣಿ, ಹೊಸಿಲು ದಾಟಿದ್ರೆ ಮತ್ತೆ ತುಳೀಬೇಡ ಎಂದದ್ದು ಇವಳೇ, ಬಾಗಿಲು ಹಾಕಿದ್ದೂ ಇವಳೇ — ಎಳೇ ಹುಡ್ಗಿ ಕಣೇ, ಅಷ್ಟು ಬಿಗಿ ಹಿಡೀಬೇಡ, ಎಂದು ಅಕ್ಕ, ಹೆತ್ತಿದ್ರೆ ನಿಂಗೆ ಗೊತ್ತಾಗ್ತಿತ್ತು, ಎಂದು ಇವಳು, ಆ ಮಾತಿಗೆ ಅಕ್ಕನ ಮುಖ ಬಿಳಿಚಿಕೊಂಡಿತ್ತು, ಬಿಳಿಚಿಕೊಳ್ಳಲಿ ಎಂದೇ ಆಡಿದ್ದು. ಎಲ್ಲಿದ್ದಾಳೋ ಮಗಳು, ಇಷ್ಟು ಹೊತ್ತಿಗೆ ಹೆರಿಗೆಯಾಗಿರಬೇಕು, ಗಂಡೋ ಹೆಣ್ಣೋ, ಯಾರನ್ನಾದರೂ ಕೇಳಿದರೆ ಸೋತ ಹಾಗೆ, ಕೇಳುವುದಿಲ್ಲ.

ಮತ್ತೆ ಅಕ್ಕನ ನಂಬರು — ಫೋನ್ ಇಡ್ಬೇಡ ಕಣೇ, ಹೇಳಲ್ಲ ಅಂತ ಮಾತು ಕೊಟ್ಟಿದ್ದೆ, ಆದ್ರೆ ಈಗ — ಸಾಕು ನಿನ್ ನಾಟಕ, ಸರದಿ ಅಂದ್ರೆ ಸರದಿ, ಕಟ್. ಬೆಕ್ಕು ಈ ಸಲವೂ ಇತ್ತು, ಆದರೆ ಸದ್ದು ಸಣ್ಣಗಾಗಿತ್ತು, ಎಳೆದು ಎಳೆದು, ನಡುವೆ ನಿಂತು ನಿಂತು. ಇನ್ನೊಂದು ಫೋನು, ಯಾರೋ ಅಪರಿಚಿತ, ಮನೇಲಿ ಮಕ್ಕಳಿದ್ದಾರಾ — ಇಲ್ಲ ಮೇಡಂ, ಒಂದು ಬೆಕ್ಕಿದೆ ಅಷ್ಟೆ — ಬೆಕ್ಕಿಗೆಲ್ಲ ಕೆಂಪು ಬಿಲ್ಲೆ ಕೊಡಲ್ಲಪ್ಪಾ, ಎಂದು ನಗುತ್ತಾಳೆ, ನಗು ಅರ್ಧಕ್ಕೇ ನಿಲ್ಲುತ್ತದೆ. ಅಕ್ಕನಿಗೆ ಬೆಕ್ಕು ಆಗುವುದಿಲ್ಲ. ಚಿಕ್ಕಂದಿನಿಂದಲೂ, ಒಂದು ಕೂದಲು ಸೋಕಿದರೂ ಮೈಯೆಲ್ಲ ದದ್ದು, ಕಣ್ಣು ಊದಿಕೊಳ್ಳುತ್ತದೆ, ಅಕ್ಕನ ಮನೆಯೊಳಗೆ ಬೆಕ್ಕು ಹೇಗೆ, ಹಸುಗೂಸೂ ಹಾಗೇ ಅಳುತ್ತದಲ್ಲ, ಹೇಳಲ್ಲ ಅಂತ ಮಾತು ಕೊಟ್ಟಿದ್ದು ಯಾರಿಗೆ, ಬೆರಳು ಮರಗಟ್ಟಿದೆ, ನಂಬರು ಒತ್ತುತ್ತಾಳೆ, ತಪ್ಪುತ್ತದೆ, ಒತ್ತುತ್ತಾಳೆ, ರಿಪೇರಿಯವರೆಲ್ಲ ಊರಿನ ಆ ತುದಿಯಲ್ಲಿ, ಯಾರ್ಯಾರದೋ ಕೂಸುಗಳ ಮನೆಯಲ್ಲಿ, ಎತ್ತು ಅಕ್ಕಾ, ಎತ್ತು, ಕೇಳ್ತೀನಿ ಈಗ, ಮನೇಲಿ ಯಾರಿದ್ದಾರೆ ಅಂತ ಕೇಳ್ತೀನಿ — ಅಕ್ಕ ಎತ್ತಿದಳು. ಹಿಂದೆ ಬೆಕ್ಕಿನ ಸದ್ದಿಲ್ಲ. ಹಲಗೆಯ ಮೇಲೆ ನೀಲಿ ಬಿಲ್ಲೆ, ನೀಲಿ ಬಿಲ್ಲೆ, ನೀಲಿ