ಬಾಣಂತಿ ನೀರಿಗೆ ಬಟ್ಟೆ ಚೂರಿನ ಬೆಂಕಿ

ಬಾಣಂತಿ ಇರುವ ಮನೆಯಲ್ಲಿ ಬಚ್ಚಲೊಲೆಗೆ ಬಿಡುವಿಲ್ಲ. ಭದ್ರಾವತಿಯ ಹೊಸಮನೆಯಲ್ಲಿ ಈಶ್ವರಮ್ಮನ ಮನೆಯೂ ಈಗ ಹಾಗೆಯೇ ಇತ್ತು. ದೊಡ್ಡ ಮಗಳು ಅಕ್ಷಯಾ ಹೆರಿಗೆಗೆ ತವರಿಗೆ ಬಂದಿದ್ದಳು. ಎರಡು ತಿಂಗಳು ತುಂಬದ ಗಂಡುಮಗು. ದಿನವೂ ಎಣ್ಣೆ, ಹಂಡೆ ತುಂಬ ಬಿಸಿನೀರು, ಮೈ ಕಾಯಿಸುವ ಆರೈಕೆ. ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಮಗು ಕೆಮ್ಮುತ್ತಿತ್ತು. ಕೆಮ್ಮಿ ಕೆಮ್ಮಿ ಒಮ್ಮೆ ನಿಂತುಬಿಡುತ್ತಿತ್ತು. ಮುಂದಿನ ಉಸಿರು ಬರುವ ತನಕ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಚಿಕ್ಕ ಮಗಳು ಸಮತಾ ಶಿವಮೊಗ್ಗದಲ್ಲಿ ಫ್ಯಾಷನ್ ಮತ್ತು ಜವಳಿ ಓದುತ್ತಿದ್ದಳು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಗೇ ಮನೆ. ಟೈಲರ್ ಅಂಗಡಿಗಳಲ್ಲಿ ಕತ್ತರಿಸಿ ಎಸೆಯುವ ಚೂರುಗಳಿಂದ ಚೀಲ, ಚಾಪೆ ಮಾಡುವುದು ಅವಳ ಕೊನೆಯ ವರ್ಷದ ಪ್ರಾಜೆಕ್ಟ್. ಒಂದು ಸಂಜೆ ಬಸ್ಸಿಳಿದವಳೇ ಖಾಲಿ ಗೋಣಿಚೀಲ ಹಿಡಿದು ಬೀದಿಯ ಕೊನೆಯ ದೇವರಾಜನ ಅಂಗಡಿಗೆ ಹೋದಳು.

"ದೇವರಾಜಣ್ಣ, ಚೂರು ಇದ್ರೆ ಕೊಡಿ."

ದೇವರಾಜ್ ಹೊಲಿಗೆ ನಿಲ್ಲಿಸಿ ನಕ್ಕ. "ಎಲ್ಲಿದೆ ಮಾರಾಯ್ತಿ? ದಿನಾ ನಿಮ್ಮಮ್ಮನೇ ಬಾಚ್ಕೊಂಡು ಹೋಗ್ತಾರಲ್ಲ. ಸೌದೆ ಹತ್ತಿಸೋಕೆ ಇದರಷ್ಟು ಚೆನ್ನಾಗಿರೋದು ಯಾವುದೂ ಇಲ್ವಂತೆ."

ಸಮತಾ ನೆಲದಲ್ಲಿ ಉಳಿದಿದ್ದ ನಾಲ್ಕಾರು ಚೂರು ನೋಡಿದಳು. ಮಿರಿಮಿರಿ ಮಿನುಗುವ ಲೈನಿಂಗ್, ನೈಟಿ ಬಟ್ಟೆ, ಶಾಲೆಯ ಸಮವಸ್ತ್ರದ ತುಂಡು. ಬೆರಳಿಗೆ ತಾಗಿದರೆ ಸಾಕು, ಯಾವುದು ಏನೆಂದು ಅವಳಿಗೆ ತಿಳಿಯುತ್ತಿತ್ತು. ಹತ್ತಿ ಹುಡುಕಿದರೂ ಸಿಗಲಿಲ್ಲ. ಅವಳು ಖಾಲಿ ಗೋಣಿ ಮಡಚಿಕೊಂಡು ಬಿರಬಿರನೆ ಮನೆಯ ಕಡೆ ನಡೆದಳು.

ಮನೆಯಲ್ಲಿ ದೀಪ ಹಚ್ಚುವ ಹೊತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಕ್ಷಯಾ ಕೂತಿದ್ದಳು. ಈಶ್ವರಮ್ಮ ದೃಷ್ಟಿ ತೆಗೆಯುತ್ತಿದ್ದಳು. ಬಟ್ಟೆಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಮಗುವಿಗೆ ನಿವಾಳಿಸಿ, ಮೂಲೆಗೆ ಹೋಗಿ ಇಕ್ಕಳದಲ್ಲಿ ಹಿಡಿದು ಹಚ್ಚಿದಳು. ಕೆಳಗೆ ನೀರು ತುಂಬಿದ ತಟ್ಟೆ. ಬತ್ತಿಯಿಂದ ಬೆಂಕಿಯ ಹನಿ ತೊಟ್ಟಿಕ್ಕಿ ನೀರಿಗೆ ಬಿದ್ದು 'ಚುಂಯ್' ಎಂದಿತು.

"ನೋಡೇ, ಹೆಂಗೆ ಸುರೀತಿದೆ! ಇದು ಆಚೆಮನೆ ಕರಿಯಮ್ಮಂದು. ನಿನ್ನೆ ಬಂದು 'ಎಷ್ಟು ಮುದ್ದಾಗಿದಾನೆ' ಅಂದ್ಲು. ಇದು ಅವಳ ಸೊಸೇದು. ಇದೂ ಕರಿಯಮ್ಮಂದೇ!"

ಸಮತಾ ಬತ್ತಿಯನ್ನೇ ನೋಡುತ್ತಿದ್ದಳು. "ಅಮ್ಮ, ಈ ಬಟ್ಟೆ ಎಲ್ಲಿಂದ ತಂದೆ?"

"ದೇವರಾಜನ ಅಂಗಡೀದು. ಯಾಕೆ?"

"ತಟ್ಟೆ ಮುಟ್ಟಬೇಡ, ಸ್ವಲ್ಪ ಆರಲಿ."

ಬೆಂಕಿ ನಂದಿದ ಮೇಲೆ ಸಮತಾ ನೀರು ಬಸಿದು ತಟ್ಟೆಯನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಕಪ್ಪು ಮಣಿಗಳು. ಒಂದನ್ನು ಅಮ್ಮನ ಅಂಗೈಗೆ ಹಾಕಿದಳು. ಈಶ್ವರಮ್ಮ ಉಗುರಿನಿಂದ ಒತ್ತಿದಳು. ಕಲ್ಲಿನಂತೆ ಗಟ್ಟಿ.

"ಇದೇನೇ ಇದು?"

"ಪ್ಲಾಸ್ಟಿಕ್ಕು. ಈ ಬಟ್ಟೆ ಪಾಲಿಯೆಸ್ಟರ್ ಅಮ್ಮ. ನೀರಿನ ಬಾಟ್ಲಿ ಯಾವುದರಲ್ಲಿ ಮಾಡ್ತಾರೋ, ಅದನ್ನೇ ಎಳೆದು ದಾರ ಮಾಡಿರ್ತಾರೆ."

"ಬಾಟ್ಲಿನ ನಾನು ಒಲೆಗೆ ಹಾಕ್ತೀನಾ? ಅಷ್ಟೂ ತಿಳಿಯಲ್ವಾ ನಂಗೆ?"

"ಬಾಟ್ಲಿ ಹಾಕಲ್ಲ ನೀನು, ಗೊತ್ತು. ಇದು ಬಟ್ಟೆ ವೇಷ ಹಾಕ್ಕೊಂಡು ಬಂತು. ಅದಕ್ಕೇ ಒಳಗೆ ಬಿಟ್ಕೊಂಡೆ."

ಈಶ್ವರಮ್ಮ ಸೋಲುವ ಹೆಂಗಸಲ್ಲ. "ಫ್ಯಾಷನ್ ಓದೋಕೆ ಕಳಿಸಿದ್ರೆ ನಂಗೇ ಬಾಣಂತನ ಹೇಳ್ಕೊಡ್ತೀಯಾ? ನಿಮ್ಮಿಬ್ಬರಿಗೂ ಇದೇ ಬಚ್ಚಲಲ್ಲಿ ಎರೆದಿದ್ದು. ಆಗಲೂ ಚೂರು ಹಾಕೇ ಒಲೆ ಹತ್ತಿಸ್ತಿದ್ದೆ. ಇಬ್ಬರೂ ಗುಂಡುಕಲ್ಲಿನಂಗೆ ಇಲ್ವಾ?"

ಸಮತಾ ವಾದಕ್ಕೆ ಇಳಿಯಲಿಲ್ಲ. ಅಮ್ಮನ ಹಳೆಯ ಹತ್ತಿ ಸೀರೆಯ ಅಂಚು ಹರಿದು ಬತ್ತಿ ಹೊಸೆದಳು. ಎಣ್ಣೆಯಲ್ಲಿ ಅದ್ದಿ, ಅದೇ ಇಕ್ಕಳದಲ್ಲಿ ಹಿಡಿದು, ತಟ್ಟೆಗೆ ಹೊಸ ನೀರು ಹಾಕಿ ಹಚ್ಚಿದಳು. ಎಣ್ಣೆ ತೊಟ್ಟಿಕ್ಕಿ ನೀರಿನ ಮೇಲೆ ತೇಲಿತು. ಬಟ್ಟೆ ಉರಿದು ಹಗುರ ಬೂದಿಯಾಯಿತು. ಮಣಿ ಒಂದೂ ಬೀಳಲಿಲ್ಲ.

"ಆಗ ಟೈಲರ್ ಅಂಗಡೀಲಿ ಹತ್ತಿ ಚೂರೂ ಸಾಕಷ್ಟು ಬೀಳ್ತಿತ್ತು. ಈಗ ಬಟ್ಟೇನೇ ಬೇರೆ ಆಗಿದೆ. ನೀನು ದೃಷ್ಟಿ ತೆಗಿ, ಬೇಡ ಅನ್ನಲ್ಲ. ಆದ್ರೆ ಈ ತಟ್ಟೇಲಿ ಬಿತ್ತಲ್ಲ, ಅದರ ಹೊಗೇನೇ ದಿನಾ ಬಚ್ಚಲಲ್ಲಿ ತುಂಬ್ಕೋತಿದೆ. ಆ ಹೊಗೇಲೇ ನೀನು ಮಗೂನ ಕಾಲಮೇಲೆ ಹಾಕ್ಕೊಂಡು ಎರೀತೀಯ."

ಈಶ್ವರಮ್ಮ ಕೈಯಲ್ಲಿದ್ದ ಮಣಿಯನ್ನು ಬೆರಳಲ್ಲಿ ಹೊರಳಿಸಿದಳು. ಅವಳು ಬಚ್ಚಲ ಕಡೆ ನೋಡಿದಳು. ಒಲೆಯ ಬಾಯಿ ಬಚ್ಚಲಿನ ಒಳಗೇ ಇತ್ತು. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿಗೆ ಗೋಣಿಚೀಲ ಹೊಡೆದವಳೂ ಅವಳೇ.

ಆಗ ಅಕ್ಷಯಾ ಮೆಲ್ಲಗೆ ಬಾಯಿಬಿಟ್ಟಳು. "ನಂಗೂ ಕಣ್ಣು ಉರೀತಿತ್ತಮ್ಮ. ಗಂಟಲು ಕೆರೀತಿತ್ತು."

"ಮತ್ತೆ ಹೇಳೋಕೇನಾಗಿತ್ತೇ ನಿಂಗೆ?"

"ನೀನು ಸೊಂಟ ನೋವಿದ್ರೂ ಅಷ್ಟೊಂದು ನೀರು ಕಾಯಿಸ್ತಿದ್ದೆ. ಹೆಂಗೆ ಹೇಳಲಿ?"

ಮಗು ಮತ್ತೆ ಕೆಮ್ಮಿತು. ಈಶ್ವರಮ್ಮ ಮಣಿಯನ್ನು ಕೆಳಗಿಟ್ಟು, ಸೀರೆಯ ಸೆರಗು ಸರಿಮಾಡಿಕೊಂಡು ಎದ್ದಳು.

"ಆಟೋ ಕರಿ ಸಮತಾ. ಆಸ್ಪತ್ರೆಗೆ ಹೋಗೋಣ. ಬರೀ ದೃಷ್ಟಿ ಅಂತ ಕೂತ್ಕೊಂಡಿದ್ದು ಸಾಕು."

ಡಾಕ್ಟರು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಈಶ್ವರಮ್ಮ ಅವರ ಮುಖವನ್ನೇ ನೋಡುತ್ತ ನಿಂತಳು. ಕೊನೆಗೆ ಅವರು ತಲೆಯೆತ್ತಿದರು. "ಎದೆ ಚೆನ್ನಾಗಿದೆ. ಸರಿಯಾದ ಹೊತ್ತಿಗೆ ಬಂದ್ರಿ. ಮನೇಲಿ ಹೊಗೆ ಇದ್ಯಾ?"

"ಇತ್ತು ಸಾರ್. ಇನ್ನು ಇರಲ್ಲ," ಎಂದಳು ಈಶ್ವರಮ್ಮ.

"ಯಾವ ಹೊಗೇನೂ ಬೇಡ. ಸೌದೇದೂ ಬೇಡ, ಸಾಂಬ್ರಾಣೀದೂ ಬೇಡ. ಉಸಿರು ಜೋರಾದ್ರೆ, ಹಾಲು ಕುಡಿಯದಿದ್ರೆ, ಕೆಮ್ಮುವಾಗ ಮತ್ತೆ ಉಸಿರು ನಿಂತ ಹಾಗಾದ್ರೆ ಒಂದು ಕ್ಷಣ ಕಾಯದೆ ಕರ್ಕೊಂಡು ಬನ್ನಿ."

ಬರುವಾಗ ಆಟೋದಲ್ಲಿ ಈಶ್ವರಮ್ಮ ಒಂದೇ ಮಾತಾಡಿದಳು. "ಪಾಪ ಕಣೇ ಕರಿಯಮ್ಮ. ಸುಮ್ಸುಮ್ನೆ ಬೈದುಬಿಟ್ಟೆ."

ಮರುದಿನ ಕಿಟಕಿಯ ಗೋಣಿ ಇಳಿಯಿತು. ಮಗುವಿನ ನೀರು ಗ್ಯಾಸಿನ ಮೇಲೆ ಕಾಯಿತು. ಬಾಣಂತಿಯ ಹಂಡೆಗೆ ಒಣಗಿದ ತೆಂಗಿನಗರಿಯಲ್ಲಿ ಬೆಂಕಿ ಹತ್ತಿತು. ಸೌದೆ ಉರಿದು, ಹೊಗೆಯೆಲ್ಲ ಹೊರಗೆ ಹೋದ ಮೇಲೆಯೇ ಅಕ್ಷಯಾ ಬಚ್ಚಲಿಗೆ ಕಾಲಿಟ್ಟಳು. ಮಗುವನ್ನು ಒಳಕೋಣೆಯಲ್ಲಿ ಟಬ್ಬಿಟ್ಟು ಎರೆದರು. ಕೆಲವು ದಿನಗಳಲ್ಲಿ ಕೆಮ್ಮು ಇಳಿಯಿತು. ಮಗು ನಿದ್ದೆ ಹೋದಾಗ ಮನೆ ಈಗಲೂ ಸುಮ್ಮನಾಗುತ್ತದೆ, ಆದರೆ ಆ ಮೌನದಲ್ಲಿ ಹೆದರಿಕೆಯಿಲ್ಲ.

ಈಶ್ವರಮ್ಮ ಈಗಲೂ ದೇವರಾಜನ ಅಂಗಡಿಗೆ ಹೋಗುತ್ತಾಳೆ. "ಹತ್ತೀದು ಈ ಚೀಲಕ್ಕೆ, ಪಾಲಿಯೆಸ್ಟರ್ ಆ ಚೀಲಕ್ಕೆ. ಬೆರೆಸಿದ್ರೆ ನೋಡು!" ಎಂದು ಗದರಿಸುತ್ತಾಳೆ. ಸಮತಾಳ ಚೀಲ, ಚಾಪೆಗಳಿಗೆ ಅವೇ ಚೂರು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಒಲೆಯ ಪಕ್ಕವೂ ಬಟ್ಟೆಯ ಗಂಟೊಂದು ಇರಬಹುದು. ಇವತ್ತೇ ಬಿಚ್ಚಿ ನೋಡಿ. ಹತ್ತಿಯಾದರೆ ಒರೆಸಲು, ದಿಂಬು ತುಂಬಲು ಬರುತ್ತದೆ. ಉಳಿದದ್ದನ್ನು ಹೊಲಿದು ಬಳಸಿ, ಆಗದಿದ್ದರೆ ಒಣಕಸದ ಗಾಡಿಗೆ ಕೊಡಿ. ಯಾವ ಬಟ್ಟೆಯನ್ನೂ ಉರಿಸಬೇಡಿ. ಕೂಸು ಕೆಮ್ಮಿದರೆ ಮೊದಲು ಆಸ್ಪತ್ರೆಗೆ ಹೋಗಿ. ಬಾಣಂತಿಯ ಕಣ್ಣು ಕೆಂಪಾಗಿದ್ದರೆ ಅವಳು ಹೇಳಲಿ ಎಂದು ಕಾಯಬೇಡಿ, ನೀವೇ ಕೇಳಿ.